ತಟ್ಟಿ ನೋಡುವುದು

ಕುತೈಸಿಯ ಆಸ್ಪತ್ರೆ, ಮೂರನೆಯ ಮಹಡಿ.
ಎಂಟಕ್ಕೆ ಹತ್ತು ನಿಮಿಷ.
ಇಸ್ತ್ರಿ ಕಾಣದ ಬಿಳಿ ಕೋಟಿನ ಎಡ ಜೇಬಲ್ಲಿ ಸ್ಟೆತಾಸ್ಕೋಪು,
ಬಲ ಜೇಬಲ್ಲಿ ಕಾದಂಬರಿ,
ರಟ್ಟು ಹರಿದು, ಬರೆದವನ ಹೆಸರೂ ಉದುರಿಹೋದದ್ದು.
ಭಾರ ಎರಡೂ ಕಡೆ ಸಮ ಅಂದುಕೊಂಡಿದ್ದೆ.
"ಬಲಕ್ಕೆ ವಾಲಿ ನಡೀತೀಯ" ಅನ್ನುತ್ತಾಳೆ ನರ್ಸ್ ಲಮಾರಾ,
ಮೂವತ್ತು ವರ್ಷದಿಂದ ನಡಿಗೆ ನೋಡಿಯೇ ಕಾಯಿಲೆ ಹೇಳುವವಳು.

ಡಾಕ್ಟರ್ ನೊದಾರ್ ಯಂತ್ರಗಳಿಗೆ ಬೆನ್ನು ಹಾಕಿ ನಿಲ್ಲುತ್ತಾರೆ.
"ಎಕ್ಸ್‌ರೇ ಆಮೇಲೆ. ಮೊದಲು ಬೆರಳು.
ಎಡಗೈಯ ನಡುಬೆರಳು ಪಕ್ಕೆಲುಬಿನ ಸಂದಿಗೆ ಒತ್ತು,
ಬಲಗೈಯ ನಡುಬೆರಳಿಂದ ಅದರ ಮೇಲೆ ತಟ್ಟು.
ಮಣಿಕಟ್ಟು ಆಡಲಿ, ಮೊಣಕೈ ಅಲ್ಲ.
ಬಾಗಿಲು ಬಡೀತಿಲ್ಲ ನೀನು."

ಏಳನೆಯ ಹಾಸಿಗೆ. ಅಂಬ್ರೋಸಿ ತಾತ.
ಫೈಲಿನಲ್ಲಿ: ವಯಸ್ಸು ಎಪ್ಪತ್ತೊಂಬತ್ತು. ಉದ್ಯೋಗ, ಪಿಂಚಣಿದಾರ.
ಬೆನ್ನಿಗೆ ಸುಟ್ಟ ಮಣ್ಣಿನ ಬಣ್ಣ.
ತಟ್ಟಿದೆ. ಏನೂ ಕೇಳಲಿಲ್ಲ.
ಮತ್ತೆ ತಟ್ಟಿದೆ. ನನ್ನ ಉಗುರು ನನಗೇ ಚುಚ್ಚಿತು.
ಹಿಂದೆ ನಿಂತ ಜುರಾಬ್ ಕಿಸಕ್ಕೆಂದ.

ತಾತ ಕತ್ತು ತಿರುಗಿಸದೆ ಅಂದ:
"ಹೆದರಿಕೊಂಡು ತಟ್ಟಿದರೆ, ಮಗೂ, ಮಡಕೆಯೂ ಸುಳ್ಳು ಹೇಳುತ್ತೆ."

ನಲವತ್ತೈದು ವರ್ಷ ಗುಡಾಣ ಕಟ್ಟಿದವನಂತೆ.
ಆಳೆತ್ತರದ್ದು, ನೆಲದಲ್ಲಿ ಕೊರಳವರೆಗೆ ಹೂತು
ದ್ರಾಕ್ಷಿರಸ ಹುಳಿಬರಿಸುವ ಗುಡಾಣ.
ದಿನಕ್ಕೆ ಒಂದು ಗೇಣು ಮಾತ್ರ ಏರಿಸಬೇಕು ಗೋಡೆಯನ್ನು,
ಅವಸರಪಟ್ಟರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ.
ಸುಟ್ಟು ತಣಿದ ಮೇಲೆ ಗೆಣ್ಣಿಂದ ತಟ್ಟುವುದು:
ಗಂಟೆಯ ಹಾಗೆ ಅಂದರೆ ಮದುವೆಮನೆಗೆ,
ಬೊದ್ದು ದನಿಯಾದರೆ ಎಲ್ಲೋ ಕೂದಲೆಳೆಯ ಬಿರುಕು,
ಕೋಳಿಯ ಕಾಳು ತುಂಬಲಿಕ್ಕೆ.
"ಕಣ್ಣು ಮುಚ್ಚಿಕೋ. ಮೇಲಿಂದ ಶುರು ಮಾಡು.
ಎಲ್ಲಿ ನನ್ನ ದನಿ ಕೆಡುತ್ತೋ ಹೇಳು."

ಹೆಗಲ ಮೂಳೆಯ ಕೆಳಗೆ ಟೊಳ್ಳು, ಒಣಗಿದ ಸೋರೆಬುರುಡೆ.
ಎರಡು ಬೆರಳು ಕೆಳಗೆ, ಇನ್ನೂ ಟೊಳ್ಳು.
ಎಂಟನೆಯ ಪಕ್ಕೆಲುಬು.
ಇದ್ದಕ್ಕಿದ್ದಂತೆ ಹಿಟ್ಟಿನ ಮೂಟೆ.
"ಇಲ್ಲಿ" ಅಂದೆ.
"ಹೂಂ" ಅಂದ ತಾತ, ನನಗಿಂತ ಖುಷಿಯಾಗಿ,
ಅದು ತನ್ನದೇ ಎದೆಗೂಡಿನ ನೀರೆಂಬುದು ಮರೆತವನಂತೆ.
ಪೆನ್ನಿಂದ ಗೆರೆ ಎಳೆದೆ. ನೀಲಿ. ಸ್ವಲ್ಪ ಸೊಟ್ಟ.
ಮಧ್ಯಾಹ್ನ ಎಕ್ಸ್‌ರೇ ಬಂತು: ನನ್ನ ಗೆರೆಗಿಂತ ಅರ್ಧ ಬೆರಳು ಮೇಲೆ.
"ಪರವಾಗಿಲ್ಲ" ಅಂದರು ಡಾಕ್ಟರ್ ನೊದಾರ್.
ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತು ಯಾರೂ ಕೇಳಿಲ್ಲ.

ಮೆಟ್ಟಿಲ ಕೆಳಗೆ, ಬಿಸಿನೀರಿನ ಪೈಪಿನ ಪಕ್ಕ, ನನ್ನ ಗ್ರಂಥಾಲಯ.
ಬೀನ್ಸ್ ಹೂರಣದ ಅರ್ಧ ರೊಟ್ಟಿ, ಇಪ್ಪತ್ತು ನಿಮಿಷ.
ಕಾದಂಬರಿಯಲ್ಲಿ ಒಬ್ಬ ಹಡಗಿನ ಅಡುಗೆಯವ.
ಬಂದರು ಬಂದರೂ ಇಳಿಯಲೊಲ್ಲ,
ಉಪ್ಪಿನ ಲೆಕ್ಕ ಬರೆಯುತ್ತ ಕೂತಿದ್ದಾನೆ.
ಪರೀಕ್ಷೆಗೆ ಬರುವುದಿಲ್ಲ ಇವನು. ಅದಕ್ಕೇ ಇಷ್ಟ.
ಮುಚ್ಚಿಹೋದ ಕಾರ್ಖಾನೆಯೊಂದರ ವಾಚನಾಲಯದ ಪುಸ್ತಕ,
ಸಂತೆಯಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕಿದ್ದು.
ನನಗಿಂತ ಮೊದಲು ಯಾರೋ ಪೆನ್ಸಿಲು ಹಿಡಿದು ಓದಿದ್ದಾರೆ.
ಸೊಗಸಾದ ಸಾಲುಗಳ ಕೆಳಗಲ್ಲ ಗೆರೆ.
'ಈರುಳ್ಳಿ ಮುಗಿದಿತ್ತು', ಅದರ ಕೆಳಗೆ.
'ಅವಳು ಕಿಟಕಿ ಹಾಕಿದಳು', ಅದಕ್ಕೆ ಎರಡು ಸಲ.
ನೂರಹನ್ನೆರಡನೆಯ ಪುಟದವರೆಗೆ ಗೆರೆಗಳಿವೆ.
ಆಮೇಲೆ ಒಂದೂ ಇಲ್ಲ. ಮಡಚಿದ ಮೂಲೆಯಿಲ್ಲ, ಬೆರಳ ಜಿಡ್ಡಿಲ್ಲ.

ರಾತ್ರಿ, ವ್ಯಾನು ರಿಯೋನಿಯ ಸೇತುವೆ ದಾಟುವಾಗ
ಎಡಗೈಯ ನಡುಬೆರಳನ್ನು ಆ ಪುಟಕ್ಕೆ ಒತ್ತಿ ತಟ್ಟಿದೆ.
ಪಕ್ಕದ ಹೆಂಗಸು ಮೊಟ್ಟೆಯ ಬುಟ್ಟಿ ಸರಿಸಿಕೊಂಡಳು.
ನೂರಹನ್ನೊಂದು. ನೂರಹನ್ನೆರಡು.
ಇಲ್ಲಿ ಏನಾಯಿತು ನಿನಗೆ?
ಪಾಳಿ ಬದಲಾಯಿತೆ? ಯಾರಾದರೂ ಕೂಗಿದರೆ?
ಬರೀ ಬೇಜಾರೂ ಇರಬಹುದು,
ಉಪ್ಪಿನ ಲೆಕ್ಕ ನಿಜಕ್ಕೂ ತುಸು ಉದ್ದವೇ.
ನಾನು ಪುಟ ತಿರುವಿದೆ.
ನೂರಹದಿಮೂರರಲ್ಲಿ ಅವನು ಇಳಿಯುತ್ತಾನೆ.

ಹೊರಡುವ ಮೊದಲು ಫೈಲಿನಲ್ಲಿ, ಪಿಂಚಣಿದಾರನ ಪಕ್ಕ,
'ಗುಡಾಣ ಕಟ್ಟುವವ' ಎಂದು ಪೆನ್ಸಿಲಲ್ಲಿ ಬರೆದು ಬಂದೆ.
ಯಾರೂ ಅಳಿಸದಿದ್ದರೆ ಇರುತ್ತದೆ.
ನಾಳೆ ಒಂಬತ್ತಕ್ಕೆ ನೀರು ತೆಗೆಯುತ್ತಾರೆ,
ಬಾಟಲಿ ಹಿಡಿಯುವ ಕೆಲಸ ನನ್ನದು.
ತಾತ ಈಗಲೇ ಹೇಳಿಟ್ಟಿದ್ದಾನೆ:
ಎಷ್ಟು ಬಂತು ಅನ್ನುವುದನ್ನು
ನಿಮ್ಮ ಮಿಲಿಲೀಟರಿನಲ್ಲಿ ಬೇಡ,
ಹೂಜಿಯ ಲೆಕ್ಕದಲ್ಲಿ ಹೇಳು.