ಗುಡ್ಡೆ

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನ ಉದ್ದ ಹಾಲಿನಲ್ಲಿ
ಹಲಗೆಗೆ ಮೊಣಕೈ ಊರಿ ಅರವತ್ತು ಹೆಂಗಸರು
ಬೀಜ ಆರಿಸುತ್ತಿದ್ದೆವು.
ದಪ್ಪದ್ದು ಒಂದು ಗುಡ್ಡೆ, ಸಣ್ಣದ್ದು ಒಂದು ಗುಡ್ಡೆ,
ಒಂಟಿಕಾಳು ಪೀಬಿಯನ್ನು
ಮಗುವಿನ ಉದುರಿದ ಹಲ್ಲಿನಂತೆ ಎತ್ತಿ ತಟ್ಟೆಗೆ,
ಕರಿಬೀಜ ಕಾಲಡಿಯ ಡಬ್ಬಕ್ಕೆ.

ಅರವತ್ತೈದನೆ ಇಸವಿ ಇರಬೇಕು,
ಲೋಬೋ ಮೇಸ್ತ್ರಿ ಒಬ್ಬನನ್ನು ಕರಕೊಂಡು ಬಂದ.
ಬೂದು ಕೋಟು, ಬಿಗಿದ ಟೈ,
ಹೆಸರು ನ್ದಿಕುಮಾನ.
ನಮ್ಮ ಬಾಯಲ್ಲಿ ಅದು ಕುಮಾರ.
ಮೂರು ವರ್ಷದ ಹಿಂದೆ ಹುಟ್ಟಿದ ದೇಶವಂತೆ,
ಕಾಫಿ ಕಲಿತು ಬಾ ಅಂತ ಕಳಿಸಿದೆಯಂತೆ.
ಅಲ್ಲಿನ್ನೂ ರಾಜ ಇದ್ದಾನೆ,
ಮ್ವಾಮಿ ಅನ್ನುತ್ತಾರೆ ಅಂದ.
'ಸ್ವಾಮಿ ತಾನೆ?' ಎಂದಳು ನಿಂಗಾಜಿ,
'ನಮ್ಮ ಮಾತೇ ಆಯ್ತಲ್ಲ!'
ಅವನು ಹಲಗೆಯ ಮೇಲೆ ಬೆರಳು ಬಡಿದು ತೋರಿಸಿದ:
ರಾಜ ಅಂದರೆ ಅಲ್ಲಿ ನಗಾರಿ.
ಅದರ ಸದ್ದು ಕೇಳುವಷ್ಟು ದೂರ ದೇಶ.

ಅಂಗಳದಿಂದ ಗಿರಿಯ ಕಡೆ ಕೈ ತೋರಿ
ನಮ್ಮೂರೂ ಹೀಗೆ, ಬರೀ ಗುಡ್ಡ ಅನ್ನುತ್ತಿದ್ದ.
ಒಂದೊಂದು ಮನೆಗೆ ಒಂದೊಂದು ಗುಡ್ಡ.

ಆಮೇಲೆ ನಾವು ಕೇಳಿದೆವು.
ಕೇಳದೆ ಇರಲು ನಮಗೆ ಬರುತ್ತಿರಲಿಲ್ಲ.
'ನೀನು ಯಾವ ಜನ?'

ಅವನ ಇಂಗ್ಲಿಷು, ಲೋಬೋನ ಇಂಗ್ಲಿಷು,
ಎರಡು ಹೊಳೆ ದಾಟಿ ನಮಗೆ ಮುಟ್ಟಿದ್ದಿಷ್ಟು:
ಅಲ್ಲಿ ಎರಡು ಜನ.
ಮಾತೊಂದೇ, ದೇವರೊಂದೇ, ಉಣ್ಣುವ ಹುರುಳಿಯೊಂದೇ.
ಬಿಳಿಯರು ಬಂದು ಮೂಗಿಗೆ ಅಳತೆಕೋಲು ಹಿಡಿದರು,
ಹಸು ಎಣಿಸಿದರು,
ಚೀಟಿಯಲ್ಲಿ ಬರೆದು ಕೈಗೆ ಕೊಟ್ಟು
ಹಡಗು ಹತ್ತಿದರು.
ಚೀಟಿ ಉಳಿಯಿತು.
ತಾನು ಯಾವ ಜನ ಅನ್ನುವುದನ್ನು
ಕುಮಾರ ಹೇಳಲಿಲ್ಲ.
ಹಲಗೆಗೆ ಬಗ್ಗಿ ನನ್ನ ಗುಡ್ಡೆಯಿಂದ ಒಂದು ಬೀಜ ತೆಗೆದು
ಪಕ್ಕದ ಗುಡ್ಡೆಗೆ ಹಾಕಿದ.
ತಪ್ಪಾಗಿ ಆರಿಸಿದ. ನಾನು ತಿದ್ದಲಿಲ್ಲ.

ಗೇಟಿನೆದುರು ವಾಸುದೇವಯ್ಯನ ಹೋಟೆಲು.
ಒಳಗಿನವರಿಗೆ ಹಿತ್ತಾಳೆ ಲೋಟ,
ನಮಗೆ ಕಿಟಕಿಯ ಕಟ್ಟೆ ಮೇಲೆ ಬೋರಲು ಹಾಕಿದ ಗಾಜಿನದು.
ಕುಡಿದು ನಾವೇ ತೊಳೆದಿಡಬೇಕು.
ಒಂದು ಮಧ್ಯಾಹ್ನ ಕುಮಾರ ನಮ್ಮ ಜೊತೆ ಬಂದು ನಿಂತ.
ವಾಸುದೇವಯ್ಯ ಟೈ ನೋಡಿದ, ಮುಖ ನೋಡಿದ,
ಒಂದು ಕೈಲಿ ಹಿತ್ತಾಳೆ, ಇನ್ನೊಂದು ಕೈಲಿ ಗಾಜು,
ದೇವರಿಗೆ ಹೂ ಕೇಳಲು ನಿಂತವನ ಹಾಗೆ ನಿಂತ.
ಹಾಲು ಉಕ್ಕಿತು.
ನಿಂಗಾಜಿ ಸೆರಗಿನಲ್ಲಿ ನಕ್ಕು ಕೆಮ್ಮಿದಳು.
ಕುಮಾರ ಕಟ್ಟೆ ಮೇಲಿನದನ್ನೇ ತಗೊಂಡ,
ಕುಡಿದ, ತೊಳೆದ,
ಬೋರಲು ಇಟ್ಟ.
ಅವನಿಗೆ ಹೇಳಿಕೊಟ್ಟವರು ಯಾರು?

ಜಡಿಮಳೆ ಶುರುವಾಗುವ ಮುಂಚೆ
ಲೋಬೋನ ರೇಡಿಯೋದಲ್ಲಿ ಮಂತ್ರಿಯ ಕೊಲೆ.
ಆಸ್ಪತ್ರೆಯ ಬಾಗಿಲಲ್ಲಂತೆ, ಹೆರಿಗೆ ನೋಡಿ ಬರುವಾಗ.
ಕೊಂದವನು ಈ ಜನ, ಸತ್ತವನು ಆ ಜನ.
ಮತ್ತೆ ಗುಡ್ಡದಿಂದ ಗುಡ್ಡಕ್ಕೆ ಕತ್ತಿ,
ಮುಂಜಾನೆಗೆ ಗೋಡೆಯ ಮುಂದೆ ಸಾಲು.
ರಾಜ ಊರಲ್ಲಿರಲಿಲ್ಲವಂತೆ,
ಬೇರೆ ದೇಶದ ಹೋಟೆಲಿನಲ್ಲಿದ್ದನಂತೆ.
ಕುಮಾರ ಟ್ರಂಕು ಕಟ್ಟಿದ.
ಹೋಗಬೇಡವೋ ಎಂದಳು ನಿಂಗಾಜಿ.
ಅಮ್ಮ ಇದ್ದಾಳೆ ಅಂದ, ಕನ್ನಡದಲ್ಲೇ.
ಅವನಿಗೆ ಬರುತ್ತಿದ್ದ ಒಂಬತ್ತು ಮಾತುಗಳಲ್ಲಿ
ಅದೂ ಒಂದು.

ಒಂದೇ ಒಂದು ಕಾಗದ ಬಂತು.
ಓದಲು ಬಾರದ ನಾನು ಚೀಟಿ ನೋಡಿದೆ:
ಸ್ಟಾಂಪಿನಲ್ಲಿ ಟೋಪಿಯ ರಾಜ,
ಅವನ ದೇಶದ ಹೆಸರಿನ ಮೇಲೆ ದಪ್ಪ ಕರಿಗೆರೆ,
ಕೆಳಗೆ ಬೇರೇನೋ ಹೊಸದಾಗಿ ಅಚ್ಚು.
'ರಾಜನನ್ನು ತೆಗೆದರಂತೆ. ಸೈನ್ಯದವರು,' ಎಂದ ಲೋಬೋ.
ಹಳೇ ಸ್ಟಾಂಪು ಖಾಲಿಯಾಗುವ ತನಕ
ಹೀಗೇ ಹೊಡೆದು ಹೊಡೆದು ಮಾರುತ್ತಾರಂತೆ.
ನಾವು ಬರೆಸಿ ಹಾಕಿದ ಉತ್ತರ
ಆರು ತಿಂಗಳು ಅಲೆದು
ಮೈತುಂಬ ಮುದ್ರೆ ಒತ್ತಿಸಿಕೊಂಡು ವಾಪಸಾಯಿತು.

ಇವತ್ತಿಗೂ ಮೊಮ್ಮಗಳು ಅಕ್ಕಿ ಆರಿಸುವಾಗ
ಮೊರ ಕಿತ್ತುಕೊಳ್ಳುತ್ತೇನೆ, ಕಣ್ಣು ಕಾಣದಿದ್ದರೂ.
ಬೆರಳಿಗೆ ಗೊತ್ತು, ಅದು ನಿಲ್ಲುವುದಿಲ್ಲ.
ನಡುವೆ ಒಮ್ಮೊಮ್ಮೆ ಬಾಯಿಗೆ ಬರುತ್ತದೆ:
ಕೊನೆಗೆ ಅವನು ಯಾವ ಗುಡ್ಡೆಗೆ ಬಿದ್ದ?

ನೋಡು, ಮತ್ತೆ ಅದನ್ನೇ ಕೇಳಿದೆ.