ಕನಿಷ್ಠ ಮೂರು ಗಂಟೆ

ಗಾಜಿನಡಿ ಪಟ್ಟಿ. ಹನ್ನೊಂದು ಹೆಸರು,
ಸೇವಾ ಹಿರಿತನದ ಸರದಿ.
ಮೇಲಿನಿಂದ ಕೆಳಕ್ಕೇ ಕರೆಯಬೇಕು, ಯಾರನ್ನೂ ದಾಟುವಂತಿಲ್ಲ,
ಹತ್ತು ರಿಂಗಿಗೆ ಮೊದಲು ಇಡುವಂತಿಲ್ಲ.
ಎಂಟು ಚಳಿಗಾಲದಿಂದ ನಾನು ಥಂಡರ್ ಬೇ ನೀರು ಸರಬರಾಜಿನ
ರಾತ್ರಿಯ ದನಿ.
ನನ್ನ ಮುಖ ಕಂಡವರು ಕಡಿಮೆ. ನನ್ನ ದನಿ ಕೇಳಿ
ಶಪಿಸದವರು ಇನ್ನೂ ಕಡಿಮೆ.

ಎರಡು ಗಂಟೆ ಹತ್ತು ನಿಮಿಷ. ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ.
ಟ್ಯಾಕ್ಸಿಯವನೊಬ್ಬ ಹೇಳಿದ: ಆಲ್ಗೋಮಾ ಬೀದಿಯಲ್ಲಿ
ರಸ್ತೆ ಬೆವರುತ್ತಿದೆ ಮೇಡಂ,
ಬೆವರು ಅಲ್ಲೇ ಕಲ್ಲಾಗುತ್ತಿದೆ.

ಮೊದಲನೆಯವನು ರೊಕ್ಕೊ. ಹೆಂಡತಿ ಎತ್ತಿದಳು:
ಅವರು ಊರಲ್ಲಿಲ್ಲ.
ಅವಳ ಪಕ್ಕದಲ್ಲೇ ಊರಲ್ಲಿಲ್ಲದವನು ಕೆಮ್ಮಿದ.
'ಸಿಗಲಿಲ್ಲ' ಎಂದು ಬರೆದುಕೊಂಡೆ.
ಕೆಮ್ಮಿಗೆ ಕಾಲಂ ಇಲ್ಲ.

ಎರಡನೆಯವನು ಬೊಹ್ದಾನ್:
ಎರಡು ಬಿಯರ್ ಕುಡಿದಿದ್ದೇನೆ, ಸುಳ್ಳು ಯಾಕೆ ಹೇಳಲಿ,
ಮೂರು.

ಮೂರನೆಯ ಹೆಸರು ಆರ್ನಿ.
ನವೆಂಬರಿನಲ್ಲಿ ಹೋದ. ನೆಲ ಗಟ್ಟಿಯಾಗುವ ಮೊದಲೇ ಮಣ್ಣು ಮಾಡಿದೆವು.
ಪಟ್ಟಿ ಟೈಪ್ ಮಾಡುವವಳು ನಾನೇ, ಹೊಡೆದುಹಾಕದವಳೂ ನಾನೇ.
ಬೆರಳು ಅವನ ಮೇಲೆ ಒಂದು ಗಳಿಗೆ ನಿಂತು
(ಅವನಾಗಿದ್ದರೆ 'ಬಂದೆ' ಎಂದು ಮತ್ತೆ ನಿದ್ದೆಹೋಗುತ್ತಿದ್ದ,
ಮತ್ತೊಮ್ಮೆ ಕರೆದರೆ 'ಬಂದೆ ಅಂದೆನಲ್ಲ' ಎಂದು ರೇಗುತ್ತಿದ್ದ)
ಕೆಳಗೆ ಜಾರಿತು.

ಆರ್ವೊ ಲೆಹ್ತೊ. ಅರ್ಧ ರಿಂಗ್.
ಹಲೋ ಇಲ್ಲ, ಬೈಗುಳವಿಲ್ಲ.
'ಎಲ್ಲಿ?'
ಎರಡು ಮೂವತ್ತೊಂದು, ಬರೆದುಕೊಂಡೆ.

ನಲವತ್ತು ನಿಮಿಷಕ್ಕೆ ರೇಡಿಯೋ ಗೊರಗುಟ್ಟಿತು:
ವಾಲ್ವ್ ಸಿಕ್ಕಿತು. ಹಿಮದಡಿ ಇತ್ತು. ತಿರುಗುತ್ತಿಲ್ಲ.
ಆಮೇಲೆ ಬರೀ ಉಸಿರು; ಗುಂಡಿ ಒತ್ತಿಹಿಡಿದದ್ದು ಮರೆತಿದ್ದ.
ನಾನೂ ಹಲ್ಲು ಕಚ್ಚಿ ಕುಳಿತೆ,
ಸರಳಿನ ಇನ್ನೊಂದು ತುದಿ ನನ್ನ ಕೈಯಲ್ಲಿರುವ ಹಾಗೆ.
'ಮುಚ್ಚಿದೆ.'

ಒಪ್ಪಂದದ ಹದಿನೇಳನೆಯ ಕಲಮು:
ಹೊತ್ತಲ್ಲದ ಹೊತ್ತಿನಲ್ಲಿ ಕರೆಸಿದವನಿಗೆ
ಕೆಲಸ ಎಷ್ಟೇ ಇರಲಿ, ಕನಿಷ್ಠ ಮೂರು ಗಂಟೆಯ ಕೂಲಿ.
ಲೆಕ್ಕಪತ್ರದ ಹುಡುಗ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೇಳಿದ್ದ,
ತಪ್ಪೇನಿಲ್ಲ, ಅವನ ಕೆಲಸ ಅದು:
ಉಳಿದ ಹೊತ್ತಿನಲ್ಲಿ ಅವರು ಏನು ಮಾಡುತ್ತಾರೆ?

ಸೋಪಿನ ಪಕ್ಕ ಫೋನ್ ಇಟ್ಟು ಮೀಯುತ್ತಾರೆ, ಎನ್ನಬೇಕಿತ್ತು.
ಮಗಳ ಹಾಕಿ ಪಂದ್ಯದಲ್ಲಿ ಬಾಗಿಲ ಹತ್ತಿರದ ಸೀಟು ಹಿಡಿಯುತ್ತಾರೆ.
ಸಿಗ್ನಲ್ ಸಾಯುವ ಸರೋವರಗಳತ್ತ ಮೀನಿಗೆ ಹೋಗುವುದಿಲ್ಲ.
ಮರಳಿ ಬಂದು, ತಣ್ಣಗಾದ ಹಾಸಿಗೆಯಲ್ಲಿ
ಬಿಟ್ಟುಹೋದ ನಿದ್ದೆಗಾಗಿ ತಡಕಾಡುತ್ತಾರೆ,
ಕತ್ತಲಲ್ಲಿ ಕನ್ನಡಕ ಹುಡುಕಿದ ಹಾಗೆ.
ಹೇಳಲಿಲ್ಲ. 'ಗೊತ್ತಿಲ್ಲಪ್ಪ' ಅಂದೆ.

ಇವತ್ತು ನೋಡಿದೆ, ಒಬ್ಬನದನ್ನು.
ಚೀಟಿಗೆ ಸಹಿ ಹಾಕಲು ಮೇಲೆ ಬಂದವನು ಹೋಗಲಿಲ್ಲ.
ಹುಬ್ಬಿನ ಹಿಮ ಕರಗಿ ಮೂಗಿನ ತುದಿಗೆ ಇಳಿಯಿತು.
ಜೇಬಿನಿಂದ ಕಿತ್ತಳೆ ತೆಗೆದ, ಅರ್ಧ ಕಲ್ಲಾಗಿತ್ತು.
ಹೀಟರಿನ ಮೇಲಿಟ್ಟು ಕಾದ. ಸುಲಿದ.
ನನಗೆ ಎಂಟು ತೊಳೆ, ತನಗೆ ಎರಡು.
ಮನೆಗೆ ಹೋಗು ಆರ್ವೊ, ಎಲ್ಲ ಬರೆದಾಗಿದೆ.
'ಮೂರು ಗಂಟೆ ತುಂಬಲಿ.'
ಎಷ್ಟೋ ಹೊತ್ತಿನ ಮೇಲೆ, ಕಿಟಕಿಗೆ:
'ಮನೆಯಲ್ಲಿ ಗಡಿಯಾರದ ಸದ್ದು ಜಾಸ್ತಿ.'
ಇನ್ನೂ ಸ್ವಲ್ಪ ಹೊತ್ತಿಗೆ:
'ಸಣ್ಣಪುಟ್ಟದ್ದಕ್ಕೂ ನನ್ನನ್ನೇ ಕರಿ.'
ಹಾಗಾಗೋದಿಲ್ಲ, ಸರದಿ ಇದೆ, ಅಂದೆ.
ಸರದಿ ಇದೆ, ಅಂದ ಅವನೂ.

ಐದು ಮೂವತ್ತೊಂದಕ್ಕೆ ಎದ್ದುಹೋದ.
ಅಷ್ಟರಲ್ಲಿ ಆಲ್ಗೋಮಾದ ಯಾವುದೋ ಮನೆಯಲ್ಲಿ
ನಲ್ಲಿ ತಿರುಗಿಸಿ, ಬರೀ ಗಾಳಿ ಬಂದದ್ದಕ್ಕೆ
ನಮ್ಮನ್ನು ಬೈಯುವವಳು ಎದ್ದಿರುತ್ತಾಳೆ.

ಸಿಪ್ಪೆ ಹೀಟರಿನ ಮೇಲೆ ಮುರುಟುತ್ತಿತ್ತು.
ಗಾಜು ಎತ್ತಿದೆ. ಸ್ಕೇಲು ಇಟ್ಟು
ಆರ್ನಿಯ ಹೆಸರಿನ ಮೇಲೆ ಗೆರೆ ಎಳೆದೆ.
ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದರು.
ಆರ್ವೊ ಈಗ ಮೂರನೆಯವನು.