ಹದಿನೇಳನೆಯ ಕಾರ್ಡು

ಮೈದಾ ಗಂಜಿ, ಅದಕ್ಕೆ ಚಿಟಿಕೆ ಮೈಲುತುತ್ತ.
ಹಾಕದಿದ್ದರೆ ಮಳೆಗಾಲ ಮುಗಿಯುವುದರೊಳಗೆ
ಚಿತ್ರದಲ್ಲಿರುವವರ ಮೂಗನ್ನು ಜಿರಲೆ ತಿಂದಿರುತ್ತದೆ.
ಹಾಸನದ ಸಂತೆಪೇಟೆ ಗಲ್ಲಿಯಲ್ಲಿ ನನ್ನದು ಬೈಂಡಿಂಗ್ ಅಂಗಡಿ.
ಮಂಡಿಯವರ ಖಾತೆಪುಸ್ತಕ, ವಕೀಲರ ಕಡತ,
ಶಾಲೆಯ ಹಾಜರಿ, ಬೆನ್ನು ಬಿಟ್ಟ ಪಂಚಾಂಗ,
ಇಷ್ಟನ್ನೇ ಹೊಲಿದು ಹೊಲಿದು ಗಡುಸಾದ ಬೆರಳಿಗೆ
ಕಂಡಕ್ಟರ್ ಇನ್ನಾಸಪ್ಪ ಹೊಸ ಕೆಲಸ ಕೊಟ್ಟ.

ಲಕೋಟೆ ತುಂಬ ಜೋಡಿ ಚಿತ್ರಗಳು.
ಕ್ಯಾಮೆರಾ ಒಂದೇ. ಒಂದು ಸಲ ಒತ್ತಿ,
ಹಲಗೆಯ ಮೇಲೆ ಎರಡೂವರೆ ಅಂಗುಲ ಜರುಗಿಸಿ
ಇನ್ನೊಂದು ಸಲ ಒತ್ತುತ್ತಾನೆ.
“ಎಡಗಣ್ಣು ಕಂಡದ್ದು ಎಡಕ್ಕೆ, ಬಲಗಣ್ಣು ಕಂಡದ್ದು ಬಲಕ್ಕೆ.
ಅಷ್ಟೇ ಸ್ವಾಮಿ, ಟಿಕೇಟು ಹರಿದಷ್ಟು ಸುಲಭ.”

ಸುಲಭವೇನಲ್ಲ.
ಒಂದು ಕೂದಲೆಳೆ ಮೇಲೆ ಕೆಳಗಾದರೆ
ನೋಡುವವನ ಹಣೆಗೆ ಮೊಳೆ ಹೊಡೆದ ಹಾಗೆ.
ಮೊದಲ ದಿನ ಎಡಬಲ ಅದಲುಬದಲಾಗಿ ಅಂಟಿಸಿದೆ:
ಹೇಮಾವತಿಯ ಹಿನ್ನೀರು ಎದ್ದು ಮುಂದೆ ಬಂತು,
ದೋಣಿ ಅದರ ಹಿಂದೆ ಹೋಗಿ ಕೂತಿತು,
ದೋಣಿಯವನ ಮೂಗು ಒಳಕ್ಕೆ ತಗ್ಗಿ
ಬೆಲ್ಲದ ಅಚ್ಚಿನ ಗುಳಿಯಂತಾಗಿತ್ತು.
ಅವತ್ತಿನಿಂದ ಪ್ರತಿ ಚಿತ್ರದ ಬೆನ್ನಿಗೆ
ಸೀಸದಕಡ್ಡಿಯಲ್ಲಿ ಎ, ಬ.

ರಟ್ಟು ಬೂದು ಬಣ್ಣದ್ದು, ಏಳು ಅಂಗುಲ,
ಮದುವೆ ಪತ್ರಿಕೆ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಉಳಿದ ತುಂಡು;
ಕೆಲವದರ ಹಿಂದೆ ಅರ್ಧ ಗಣಪತಿ ಇದ್ದಾನೆ.
ಮುಂದೆ, ಚಿತ್ರದ ಕೆಳಗೆ, ಹೆಸರಿನ ಚೀಟಿ:
‘೪. ಬಸ್ ಸ್ಟ್ಯಾಂಡು, ಬೆಳಗಿನ ಐದೂಮುಕ್ಕಾಲು. ಪಾರ್ಸೆಲ್ ಮೂಟೆಗಳು.’
‘೯. ಗೊರೂರು ಹಿನ್ನೀರು. ದೋಣಿ.’
‘೧೨. ಆಲೂಗಡ್ಡೆ ಮಂಡಿ. ತಕ್ಕಡಿಯಲ್ಲಿ ಮಲಗಿದ ಬೆಕ್ಕು, ಮೂರು ಕೆಜಿ ಇನ್ನೂರು.’
ಬೆಕ್ಕಿನ ತೂಕ ನಾನು ಸೇರಿಸಿದ್ದಲ್ಲ.

ಹದಿನೇಳರಲ್ಲಿ ಕೈ ನಿಂತಿತು.
ಅವನದೇ ಹಿತ್ತಿಲು. ಒಗೆಯುವ ಕಲ್ಲು, ತೊಂಡೆ ಚಪ್ಪರ,
ಸ್ಟೂಲಿನ ಮೇಲೆ ಹೆಂಡತಿ ಫಿಲೋಮಿನಮ್ಮ.
ಅದು ಎ.
ಬ-ದಲ್ಲಿ ಬರೀ ಸ್ಟೂಲು.
‘ಕೆಟ್ಟುಹೋಗಿದೆ, ಬಿಸಾಕಿ’ ಎಂದು ಚೀಟಿ ಸಿಕ್ಕಿಸಿದ್ದ.
ಬಿಸಾಕಲಿಲ್ಲ.
ಅಂಟು ಕಲಸಿಯಾಗಿತ್ತು.

ಶನಿವಾರ ಅವನಿಗೆ ಅರಸೀಕೆರೆ ಡ್ಯೂಟಿ.
ಕಾರ್ಡು ಒಯ್ಯಲು ಆಕೆ ಬಂದಳು,
ಬ್ಯಾಗಿನಲ್ಲಿ ದಂಟಿನ ಸೊಪ್ಪು, ಕೊಡೆ.
ಎರಡು ಮಸೂರದ ಮರದ ಪೆಟ್ಟಿಗೆ ಕೈಗಿತ್ತೆ.
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದಳು.
ಅಲ್ಲಿ ಕಣ್ಣು ಕಣ್ಣಿಗೆ ರಾಜಿಯಾಗುವುದಿಲ್ಲ:
ಒಂದು ಇದ್ದಾಳೆ ಅನ್ನುತ್ತದೆ, ಒಂದು ಇಲ್ಲ ಅನ್ನುತ್ತದೆ;
ಸೀರೆಯ ಒಳಗಿಂದ ಗೋಡೆಯ ಇಟ್ಟಿಗೆ ಕಾಣುತ್ತದೆ,
ಮುಖ ಮಿನುಗಿ, ಆರಿ, ಮತ್ತೆ ಮಿನುಗುತ್ತದೆ,
ಸ್ಟೂಲು ಮಾತ್ರ ಗಟ್ಟಿ.

“ಮೂರನೇ ಸೀಟಿ ಕೂಗ್ತು ಕುಕ್ಕರು.
ಇವ್ರು ಅಲ್ಲಾಡ್ಬೇಡ ಅಂದ್ರು. ಬೇಳೆ ಕೇಳುತ್ತಾ?”
ಆಮೇಲೆ, ಪೆಟ್ಟಿಗೆ ಕಣ್ಣಿಂದ ತೆಗೆಯದೆಯೇ,
“ಚೆನ್ನಾಗಿ ಬಂದೈತೆ ಕಣಪ್ಪ.
ಮನೇಲಿ ನಾನಿರೋದೇ ಹಿಂಗೆ.”

ನಕ್ಕಳು. ನಗಬೇಕೋ ಬೇಡವೋ ತಿಳಿಯದೆ
ನಾನು ಇನ್ನೊಂದು ಕಾರ್ಡಿನ ಮೂಲೆ
ದುಂಡಗೆ ಕತ್ತರಿಸುತ್ತಾ ಕೂತೆ.

ಚೀಟಿ ಖಾಲಿ ಇತ್ತು. ಏನು ಬರೆಯಲಿ ಎಂದೆ.
“ಅವ್ರೇನು ಬರಿ ಅಂದ್ರು?”
ಅದನ್ನು ಹೇಳಲಿಲ್ಲ.
ಸೊಪ್ಪಿನ ಒದ್ದೆ ಕೈಯನ್ನು ಸೆರಗಿಗೆ ಒರೆಸಿ
ಆಕೆಯೇ ಪೆನ್ನು ತೆಗೆದುಕೊಂಡಳು:
‘೧೭. ಬೇಳೆ ಬೆಂದಿತ್ತು.’
ತಾರೀಕು ನೆನಪಾಗದೆ, ‘ಸೋಮವಾರ.’

ಮುಂದಿನ ವಾರ ಇನ್ನಾಸಪ್ಪ ಚರ್ಮದ ಚೀಲ ತೆರೆದು
ಹದಿನಾರಕ್ಕೆ ಎಣಿಸಿ ಕಾಸು ಕೊಟ್ಟ.
ಹದಿನೇಳು ಎಂದೆ.
ನನ್ನ ಮುಖ ನೋಡಿದ. ಚೀಲದೊಳಗೆ ಕೈಯಾಡಿಸಿದ.
ಚಿಲ್ಲರೆ ಇಲ್ಲ ಎಂದು, ಅಭ್ಯಾಸಬಲ,
ಒಂದು ಟಿಕೇಟು ಹರಿದು
ಅದರ ಬೆನ್ನಿಗೆ ಬರೆದುಕೊಟ್ಟ:
ಬಾಕಿ, ಒಂದು.